ಮೂವತ್ತನಾಲ್ಕು ಸಲ ‘ಇಲ್ಲ’

ಹೋದ ತಿಂಗಳು ನನ್ನ ಹಳೆಯ ಕಂಪನಿಯವರು, ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಹತ್ತು ನಿಮಿಷ ಮಾತಾಡಿ ಎಂದು ನನ್ನನ್ನು ಕರೆದಿದ್ದರು. ಮುಂಬೈಯಿಂದ ಶ್ರೀಲಂಕಾಕ್ಕೆ ಸ್ಕೂಬಾ ಡೈವಿಂಗ್ ಪ್ರವಾಸ ಕಳಿಸುವ ಕಂಪನಿ ಅದು. ವಿಲೆ ಪಾರ್ಲೆ ಸ್ಟೇಷನ್ ಹತ್ತಿರ ಸೀರೆ ಅಂಗಡಿಯ ಮೇಲೆ ಎರಡು ಕೋಣೆಯಲ್ಲಿ ಇದ್ದದ್ದು, ಈಗ ಪವಾಯಿಯಲ್ಲಿ ಗಾಜಿನ ಕಟ್ಟಡವೊಂದರ ಒಂಬತ್ತನೇ ಮಾಳಿಗೆ ಸೇರಿದೆ. ಕರೆದ ಹುಡುಗಿ ಫೋನಿನಲ್ಲಿ, “ಮ್ಯಾಮ್, ಥೋಡಾ ಇನ್‌ಸ್ಪೈರಿಂಗ್ ರಖಿಯೇಗಾ”, ಸ್ವಲ್ಪ ಸ್ಫೂರ್ತಿ ಕೊಡುವ ಹಾಗಿರಲಿ, ಅಂದಳು. ನಾನು ಮಾತು ಶುರುಮಾಡಿದ ನಾಲ್ಕನೇ ನಿಮಿಷಕ್ಕೆ ಅವರ ಮುಖ ಸಪ್ಪಗಾಯಿತು. ಏಳನೇ ನಿಮಿಷಕ್ಕೆ ಊಟದ ಹೊತ್ತಾಯಿತೆಂದು ಮೈಕು ತೆಗೆದುಕೊಂಡರು. ಆಗ ಗಂಟೆ ಹನ್ನೊಂದೂವರೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಗದದ ಮೇಲೆ ಮೈಕು ಕಸಿದುಕೊಳ್ಳುವವರು ಯಾರೂ ಇಲ್ಲ.

ನಾನು ಮಾತಾಡಲು ಎದ್ದಾಗಲೇ ನನಗೆ ಸಿಟ್ಟು ನೆತ್ತಿಗೇರಿತ್ತು. ಅದಕ್ಕೆ ಕಾರಣ, ನನಗಿಂತ ಮೊದಲು ಮಾತಾಡಿದ ಮ್ಯಾನೇಜರ್ ಪರದೆಯ ಮೇಲೆ ತೋರಿಸಿದ ಒಂದು ಹಳೆಯ ಹಾಳೆ. “ನಾವು ಶುರುಮಾಡಿದ್ದು ಇಲ್ಲಿಂದ” ಎಂದು ಅವನು ಹೆಮ್ಮೆಯಿಂದ ಹೇಳಿದ. ಆ ಹಾಳೆಯಲ್ಲಿ ಮೂವತ್ತನಾಲ್ಕು ಪ್ರಶ್ನೆಗಳಿದ್ದವು. ಮೂವತ್ತನಾಲ್ಕರ ಮುಂದೆಯೂ ‘ಇಲ್ಲ’ ಎನ್ನುವ ಚೌಕಕ್ಕೆ ಗುರುತು ಬಿದ್ದಿತ್ತು. ಹದಿನಾಲ್ಕನೆಯ ಗುರುತು ಚೌಕದಿಂದ ಜಾರಿ, ಅದರ ಬಾಲ ಕೆಳಗಿನ ಸಾಲಿಗೆ ಇಳಿದಿತ್ತು. ಆ ಬಾಲ ನನ್ನದು. ಆ ಹಾಳೆಯನ್ನು ತುಂಬಿದವಳು ನಾನು.

ಅದನ್ನು ತುಂಬಿದ್ದೇಕೆ ಎಂದು ಹೇಳಬೇಕಾದರೆ ನಮ್ಮ ಕೆಲಸ ಹೇಗಿತ್ತೆಂದು ಮೊದಲು ಹೇಳಬೇಕು. ನನ್ನ ಹೆಸರು ಸುಮಿತ್ರಾ. ಧಾರವಾಡದವಳು, ಮದುವೆಯಾಗಿ ಪಾರ್ಲೆಗೆ ಬಂದವಳು. ಇಪ್ಪತ್ತೊಂಬತ್ತು ವರ್ಷ ಸಮುದ್ರದ ತಳ ತೋರಿಸುತ್ತೇವೆಂದು ಜನರನ್ನು ಕಳಿಸಿದೆ. ನನಗೆ ಈಜು ಬರುವುದಿಲ್ಲ. ಮೊಣಕಾಲಿಗಿಂತ ಆಳದ ನೀರಿಗೆ ನಾನು ಒಂದು ಸಲವೂ ಇಳಿದಿಲ್ಲ. ಇದನ್ನು ಗಿರಾಕಿಗಳಿಗೆ ಹೇಳುವ ಹಾಗಿರಲಿಲ್ಲ. ಯಾರಾದರೂ ಕೇಳಿದರೆ, “ಹೋದ ಸಲ ಹೋದಾಗ ಆಮೆ ನೋಡಿದೆ” ಅನ್ನಬೇಕು ಎಂದು ಮಾಲೀಕರ ಅಪ್ಪಣೆಯಾಗಿತ್ತು. ನಾನು ಎಷ್ಟೋ ಜನರಿಗೆ ಆ ಆಮೆಯ ಕಥೆ ಹೇಳಿದ್ದೇನೆ.

ಮಾಲೀಕರನ್ನು ನಾವು ಸಾಹೇಬರು ಅನ್ನುತ್ತಿದ್ದೆವು. ಬೆಳಗಾವಿಯವರು, ಬಾಯಿ ಬಹಳ ಮೆತ್ತಗೆ. ಶ್ರೀಲಂಕಾ ಒಂದೇ ದ್ವೀಪವಾದರೂ ಅದಕ್ಕೆ ಎರಡು ಮಳೆಗಾಲ ಇವೆ ಎನ್ನುವುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಹಿಕ್ಕಡುವ, ಉನವಟುನ ಇರುವ ನೈಋತ್ಯದ ಕರಾವಳಿಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ನೀರು ತಿಳಿ. ಟ್ರಿಂಕೋಮಲಿ ಇರುವ ಪೂರ್ವದ ಕರಾವಳಿಯಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ತಿಳಿ. ನಮ್ಮ ಮುಂಬೈಯಲ್ಲಿ ಮಳೆ ಹಿಡಿದರೆ ಹಿಕ್ಕಡುವದಲ್ಲಿ ಅಲೆ ಎದ್ದು ನೀರೆಲ್ಲ ರಾಡಿ. ಇಷ್ಟನ್ನು ತಿಳಿದವನು ಈ ಕೆಲಸದ ಅರ್ಧ ತಿಳಿದ ಹಾಗೆ. ನಾನು ತಿಂಗಳುಗಳ ಒಂದು ತಖ್ತೆ ಬರೆದು ಗೋಡೆಗೆ ಅಂಟಿಸಿದ್ದೆ. ಸಾಹೇಬರು ಅದರ ಮೇಲೆ ಬಣ್ಣದ ಮೀನಿನ ದೊಡ್ಡ ಚಿತ್ರ ಅಂಟಿಸಿದರು.

“ಸುಮಿತ್ರಾಬಾಯಿ, ಸಮುದ್ರ ಅಂದ್ರ ಸಮುದ್ರ ಅದ. ಜನರಿಗೆ ಸೂಟಿ ಸಿಗೋದು ಮೇ-ಜೂನ್‌ದಾಗ. ಹಿಕ್ಕಡುವದ ಹೋಟೆಲ್ ಖಾಲಿ ಇರೋದೂ ಜೂನ್‌ದಾಗ. ಇಬ್ಬರಿಗೂ ಚಲೋ ಆತಲ್ಲ?”

“ಹೋಟೆಲ್ ಯಾಕ ಖಾಲಿ ಅದ ಅಂತ ಕೇಳೀರೇನ್ರಿ?”

“ಅದು ನಮ್ಮ ಕೆಲಸ ಅಲ್ಲ.”

ಜೂನಿನಲ್ಲಿ ಹಿಕ್ಕಡುವಕ್ಕೆ ಹೋದ ಡೊಂಬಿವಿಲಿಯ ಹೊಸ ಜೋಡಿಯೊಂದು ಐದು ದಿನ ಹೋಟೆಲ್ ಕಿಟಕಿಯಿಂದ, ನೀರಿಗೆ ಇಳಿಯಬೇಡಿ ಎನ್ನುವ ಕೆಂಪು ಬಾವುಟ ನೋಡಿ ವಾಪಸು ಬಂತು. ಬೊಟ್ಟು ಮಾಡಿ ಬೈಯುತ್ತಾರೆಂದು ನಾನು ಕಾದಿದ್ದೆ. ಅವರು ಬೈಯಲಿಲ್ಲ. ಆ ಹುಡುಗಿ ಬಾವುಟದ ಫೋಟೊ ನನ್ನ ಮೇಜಿನ ಮೇಲೆ ಇಟ್ಟು, ಆಮೆ ಎಲ್ಲಿದೆ ತೋರಿಸಿ ಅಂದಳು.

ನನ್ನ ಸ್ವಂತ ಎಡವಟ್ಟುಗಳೂ ಇವೆ, ಮುಚ್ಚಿಡುವುದಿಲ್ಲ. ಬಟ್ಟಿಕಲೋವದ ಹತ್ತಿರ ಸಮುದ್ರದ ತಳದಲ್ಲಿ ಮಹಾಯುದ್ಧದಲ್ಲಿ ಮುಳುಗಿದ ದೊಡ್ಡ ಯುದ್ಧನೌಕೆ ಇದೆ. ನಾನು ಕಚೇರಿಯಲ್ಲಿ ಕೂತು, ‘ಮೊದಲ ಸಲ ನೀರಿಗೆ ಇಳಿಯುವವರೂ ನೋಡಬಹುದು’ ಎಂದು ಕರಪತ್ರದಲ್ಲಿ ಬರೆದುಬಿಟ್ಟೆ. ಅದು ಇರುವುದು ಐವತ್ತು ಮೀಟರಿಗಿಂತ ಆಳದಲ್ಲಿ. ವರ್ಷಗಟ್ಟಲೆ ಕಲಿತವರು ಮಾತ್ರ ಹೋಗುವ ಜಾಗ. ಬೊರಿವಲಿಯ ಆರು ಜನ ಬ್ಯಾಂಕ್ ನೌಕರರು ಎಂಟು ತಾಸು ರಸ್ತೆಯಲ್ಲಿ ಕುಲುಕಾಡಿ ಹೋಗಿ, ದೋಣಿಯಲ್ಲಿ ನಿಂತು ಬರಿ ನೀರು ನೋಡಿ ಬಂದರು. ಅವತ್ತಿನಿಂದ ನೀವು ನೋಡದ ಜಾಗದ ಬಗ್ಗೆ ಒಂದು ಸಾಲು ಬರೆಯುವ ಮೊದಲು ಅಲ್ಲಿ ಇರುವವನಿಗೆ ಒಂದು ಫೋನ್ ಮಾಡಿ ಎಂದು ಎಲ್ಲರಿಗೂ ಹೇಳುತ್ತಾ ಬಂದೆ. ಯಾರೂ ಮಾಡಲಿಲ್ಲ, ಅದು ಬೇರೆ.

ಶ್ರೀಲಂಕಾದ ಅಂತರ್ಯುದ್ಧ ಪೂರ್ತಿ ಮುಗಿದು ಪೂರ್ವದ ಕರಾವಳಿ ಎಲ್ಲರಿಗೂ ತೆರೆದ ಮೇಲೆ ನಮ್ಮ ವ್ಯವಹಾರ ಟ್ರಿಂಕೋಮಲಿಗೆ ಹೊರಳಿತು. ಅಲ್ಲಿ ಪಾರಿವಾಳ ದ್ವೀಪ ಎಂಬ ಪುಟ್ಟ ದ್ವೀಪದ ಸುತ್ತ ನೀರು ಆಳವಿಲ್ಲ, ಹವಳ ಇದೆ, ಹೊಸಬರಿಗೆ ಹೇಳಿ ಮಾಡಿಸಿದ ಜಾಗ. ಸಾಹೇಬರು ನನ್ನನ್ನು ಮೊದಲ ಸಲ ಗುಂಪಿನ ಜೊತೆ ಕಳಿಸಿದ್ದು ಅಲ್ಲಿಗೇ. ಘಾಟ್ಕೋಪರ್‌ನ ಒಂದೇ ಗುಜರಾತಿ ಮನೆತನದ ಹದಿನೆಂಟು ಜನ, ಅಜ್ಜನಿಂದ ಹಿಡಿದು ಕಿರಿ ಸೊಸೆಯವರೆಗೆ. ಥೇಪ್ಲಾ ರೊಟ್ಟಿ, ಖಾಖ್ರಾ, ಉಪ್ಪಿನಕಾಯಿಗೆಂದೇ ಎರಡು ಸೂಟ್‌ಕೇಸು ಇದ್ದವು.

ಅಲ್ಲಿ ಡೈವಿಂಗ್ ಕಲಿಸುವವನ ಹೆಸರು ನಿಹಾಲ್. ನಲವತ್ತರ ಆಸುಪಾಸಿನ ಸಿಂಹಳದವನು, ಮುಖದ ಮೇಲೆ ನಗುವೇ ಇಲ್ಲ. ಅವನದೂ ಮುರುಕು ಇಂಗ್ಲಿಷ್, ನನ್ನದೂ ಅದೇ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತೇನೆ. ನೀರಿಗೆ ಇಳಿಯುವ ಮೊದಲು ಪ್ರತಿಯೊಬ್ಬರೂ ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸಹಿ ಹಾಕಬೇಕು. ದಮ್ಮು, ಅಂದರೆ ಉಬ್ಬಸ, ಇದೆಯೇ, ಹೃದಯದ ತೊಂದರೆ ಇದೆಯೇ, ಕಿವಿಯ ಆಪರೇಷನ್ ಆಗಿದೆಯೇ, ಮೂರ್ಛೆ ಬರುತ್ತದೆಯೇ, ಬಸಿರೇ, ಹೀಗೆ ಮೂವತ್ತನಾಲ್ಕು. ಒಂದಕ್ಕೆ ‘ಹೌದು’ ಅಂದರೂ ವೈದ್ಯರ ಚೀಟಿ ಬೇಕು. ಬೇರೆ ಕಡೆ ಹಾಳೆ ಹಂಚಿ ಸಹಿ ಮಾಡಿಸಿಬಿಡುತ್ತಿದ್ದರು. ನಿಹಾಲ್ ಹಾಗಲ್ಲ. ದಂಡೆಯ ಮೇಲೆ ಒಂದು ಕಾಡುಬಾದಾಮಿ ಮರವಿತ್ತು. ಅದರ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ಒಬ್ಬೊಬ್ಬರನ್ನೇ ಕರೆದು, ಮೂವತ್ತನಾಲ್ಕನ್ನೂ ಬಾಯಿಬಿಟ್ಟು ಕೇಳುತ್ತಿದ್ದ.

“ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬಾರದೇ?” ಅಂದೆ.

“ಹೆಂಡತಿಯ ಎದುರು ಗಂಡ ಹೌದು ಅನ್ನುವುದಿಲ್ಲ. ಅತ್ತೆಯ ಎದುರು ಸೊಸೆ ಹೌದು ಅನ್ನುವುದಿಲ್ಲ. ಸಮುದ್ರಕ್ಕೆ ಮಾತ್ರ ಎಲ್ಲ ಗೊತ್ತಾಗುತ್ತದೆ” ಅಂದ.

ಹದಿನೆಂಟು ಜನರಿಗೆ ಒಂದು ತಾಸಿನ ಮೇಲೆ ಹಿಡಿಯಿತು. ಬಿಸಿಲು ಏರಿತು. ಅಜ್ಜ ಗೊಣಗಿದರು, ಗಂಡಸರು ವಾಚು ನೋಡಿಕೊಂಡರು. ಕಿರಿ ಸೊಸೆ ಮರದ ಕೆಳಗೆ ಹೋಗಿ ಬಂದ ಮೇಲೆ ನಿಹಾಲ್ ಎಲ್ಲರೆದುರಿಗೆ ನಾಲ್ಕು ಮಾಸ್ಕ್ ಅವಳ ಮುಖಕ್ಕೆ ಒತ್ತಿ ನೋಡಿ, “ಈಕೆಯ ಮುಖಕ್ಕೆ ಯಾವುದೂ ಕೂರುವುದಿಲ್ಲ, ನೀರು ಒಳಗೆ ಬರುತ್ತದೆ” ಎಂದು ತಲೆಯಾಡಿಸಿ, ಅವಳನ್ನು ದೋಣಿಯಲ್ಲಿ ನನ್ನ ಪಕ್ಕ ಕೂರಿಸಿದ. ಉಳಿದವರೆಲ್ಲ ನೀರಿಗೆ ಇಳಿದ ಮೇಲೆ ಅವಳು ಥೇಪ್ಲಾ ಬಿಚ್ಚಿ ನನಗೊಂದು ಕೊಟ್ಟು, ತನಗೆ ಮೂರನೇ ತಿಂಗಳೆಂದೂ, ಹಿಂದೆ ಎರಡು ಸಲ ಬಸಿರು ನಿಲ್ಲದ್ದರಿಂದ ಈ ಸಲ ಮನೆಯಲ್ಲಿ ಇನ್ನೂ ಹೇಳಿಲ್ಲವೆಂದೂ ಮೆಲ್ಲಗೆ ಹೇಳಿದಳು. ನಿಹಾಲ್‌ಗೂ ಹೇಳದೆ ಇದ್ದರೆ ನೀರಿಗೆ ಇಳಿಯಬೇಕಿತ್ತು, ಎಲ್ಲರೆದುರು ಹೇಳಿದ್ದರೆ ಹದಿನೇಳು ಬಾಯಿಗೆ ಉತ್ತರ ಕೊಡಬೇಕಿತ್ತು. ನಿಹಾಲ್ ಮಾಸ್ಕಿನ ಮೇಲೆ ಹಾಕಿ ಎರಡನ್ನೂ ತಪ್ಪಿಸಿದ್ದ.

ಇದನ್ನು ಕಣ್ಣಾರೆ ಕಂಡವಳು ನಾನು. ಪಕ್ಕದಲ್ಲಿ ಕೂತು ಥೇಪ್ಲಾ ತಿಂದವಳು. ಹೀಗಿದ್ದೂ ಮುಂಬೈಗೆ ಬಂದು ನಾನು ವರದಿಯಲ್ಲಿ ಏನು ಬರೆದೆ ಗೊತ್ತೇ? ‘ದಂಡೆಯಲ್ಲಿ ಒಂದು ತಾಸು ವೃಥಾ ಹೋಗುತ್ತದೆ, ಗಿರಾಕಿಗಳಿಗೆ ಬೇಸರವಾಗಿದೆ.’ ಸಾಹೇಬರು, “ಆ ಒಂದು ತಾಸು ತಗದ್ ಹಾಕ್ರಿ” ಅಂದರು. ತೆಗೆಯುವ ದಾರಿ ಕಂಡುಹಿಡಿದವಳು ನಾನೇ.

ದಾರಿ ಬಹಳ ಸುಲಭವಾಗಿತ್ತು. ಒಂದು ಖಾಲಿ ಹಾಳೆ ತೆಗೆದುಕೊಂಡು ಕಪ್ಪು ಪೆನ್ನಿನಿಂದ ಮೂವತ್ತನಾಲ್ಕಕ್ಕೂ ‘ಇಲ್ಲ’ ಎಂದು ಗುರುತು ಹಾಕಿದೆ. ಹದಿನಾಲ್ಕಕ್ಕೆ ಬಂದಾಗ ಫೋನ್ ಬಡಿದುಕೊಂಡಿತು, ಕೈ ಜಾರಿತು. ಹೋಗಲಿ ಎಂದು ಅದನ್ನೇ ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಇನ್ನೂರು ಪ್ರತಿ ಮಾಡಿಸಿದೆ. ಟಿಕೆಟ್ಟು, ವೀಸಾ ಕಾಗದಗಳ ನಡುವೆ ಇದನ್ನೂ ಸೇರಿಸಿ, ಸಹಿಯ ಜಾಗದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗುಣಾಕಾರದ ಚಿಹ್ನೆ ಹಾಕಿ, “ಇಲ್ಲಿ, ಇಲ್ಲಿ, ಇಲ್ಲೊಂದು” ಎಂದು ಬೆರಳು ತೋರಿಸಿದರೆ ಗಿರಾಕಿ ಐದು ಸಹಿ ಹಾಕಿ ಚಹಾ ಕುಡಿದು ಹೋಗುತ್ತಿದ್ದ. ಒಬ್ಬನೂ ಓದಲಿಲ್ಲ. ಓದಲಿ ಎಂದು ನಾನೂ ಬಯಸಲಿಲ್ಲ. ‘ಗಿರಾಕಿಗೆ ತೊಂದರೆ ಕೊಡಬಾರದು’ ಎನ್ನುವುದೇ ನಮ್ಮ ಕಸುಬಿನ ಧರ್ಮವಾಗಿತ್ತು. ಈಗ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ನಿಹಾಲ್ ಒಂದು ವಾರದಲ್ಲೇ ಫೋನ್ ಮಾಡಿದ. “ಮೇಡಂ, ನಿಮ್ಮ ಊರಿನ ಹನ್ನೆರಡು ಜನಕ್ಕೂ ಒಂದೇ ಕೈ ಗುರುತು ಹಾಕಿದೆಯಲ್ಲ?” ಎಂದು ಕೇಳಿದ. ಅವರು ಇಲ್ಲೇ ಓದಿ ಸಹಿ ಹಾಕಿದ್ದಾರೆ, ನೀವು ಮತ್ತೆ ಕೇಳಬೇಡಿ ಎಂದೆ. ಅವನು ಆದರೂ ಕೇಳುತ್ತೇನೆಂದ. ಸಾಹೇಬರು ಫೋನು ಕಸಿದುಕೊಂಡು, ಕೇಳುವುದಾದರೆ ಜನರನ್ನು ಪಕ್ಕದವನ ಹತ್ತಿರ ಕಳಿಸುತ್ತೇವೆ ಎಂದು ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು. ಆ ವರ್ಷ ಅವನ ದೋಣಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮವರೇ. ಅವನು ಎರಡು ತಿಂಗಳು ಹಟ ಮಾಡಿ, ಆಮೇಲೆ ಕುರ್ಚಿ ಎತ್ತಿಟ್ಟ.

ಮುಂದಿನ ಮಾತಿಗೆ ಸುಧಾಕರ ಶೆಟ್ಟರ ಪರಿಚಯ ಬೇಕು. ಉಡುಪಿ ಕಡೆಯವರು, ನನ್ನ ಎದುರಿನ ಮೇಜಿನಲ್ಲಿ ಕೂತು ವಿಮಾನದ ಟಿಕೆಟ್ ನೋಡುತ್ತಿದ್ದರು. ಹದಿನಾಲ್ಕು ವರ್ಷ ನಾವಿಬ್ಬರೂ ಡಬ್ಬಿ ಹಂಚಿಕೊಂಡು ಊಟ ಮಾಡಿದ್ದೇವೆ. ಅವರ ನೀರುದೋಸೆಗೆ ನನ್ನ ಶೇಂಗಾ ಚಟ್ನಿ.

ಒಂದು ಜುಲೈ ತಿಂಗಳಲ್ಲಿ ಕಮಲಾಬಾಯಿ ಎಂಬ ಹೆಂಗಸು ಫೋನ್ ಮಾಡಿದರು. ವಿಜಯಪುರ ಕಡೆಯವರು, ಘಾಟ್ಕೋಪರ್‌ನಲ್ಲಿ ಗಂಡನ ಬಟ್ಟೆ ಅಂಗಡಿ. ಅವರ ಮಗಳು ರಕ್ಷಾ, ಇಪ್ಪತ್ತಾರು ವರ್ಷದವಳು, ಪವಾಯಿಯ ಒಂದು ಕಂಪನಿಯಲ್ಲಿ ಕೆಲಸ; ಗೆಳತಿಯರ ಜೊತೆ ಟ್ರಿಂಕೋಮಲಿಗೆ ಹೊರಟಿದ್ದಳು. ಹಿಂದಿನ ದಿನವಷ್ಟೇ ಬಂದು ನಾನು ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿ ಹೋಗಿದ್ದಳು.

“ಬಾಯಾರ, ನಮ್ಮ ಹುಡುಗಿಗೆ ಸಣ್ಣಾಕಿ ಇದ್ದಾಗಿಂದ ದಮ್ಮ ಐತ್ರಿ. ಈಗ ಕಡಿಮಿ ಐತಿ, ಆದ್ರ ಮಳಿಗಾಲದಾಗ ಬಾಯಾಗ ಪಂಪ್ ಹೊಡ್ಕೋತಾಳ. ನೀರಾಗ ಇಳಸ್ತಾರಂತಲ್ಲ, ಏನರ ತ್ರಾಸ ಆದೀತೇನು? ಆಕೀನ ಅಂದ್ಳ್ರಿ, ನನಗ ಆಫೀಸಿನ್ಯಾಗ ಟೈಮ್ ಇಲ್ಲ, ನೀನ ಫೋನ್ ಮಾಡಿ ಕೇಳು ಮಮ್ಮಿ ಅಂತ.”

“ಏನೂ ಕಾಳಜಿ ಮಾಡಬ್ಯಾಡ್ರಿ. ಅಲ್ಲೆ ಎಲ್ಲಾ ಕೇಳಿ ತಿಳ್ಕೊಂಡೇ ಇಳಸ್ತಾರ” ಅಂದೆ.

ಫೋನ್ ಇಟ್ಟೆ. ಶೆಟ್ಟರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

“ಅಲ್ಲ ಸುಮಿತ್ರಕ್ಕ, ಅಲ್ಲಿ ಕೇಳುದನ್ನು ನಿಲ್ಲಿಸಿದ್ದು ನಾವೇ ಅಲ್ವಾ? ಆ ನಿಹಾಲ್‌ಗೆ ಒಂದು ಫೋನ್ ಮಾಡಿ ಹೇಳಿ ಮಾರಾಯ್ರೇ. ಎರಡು ನಿಮಿಷದ ಕೆಲಸ.”

“ನಿಮ್ಮ ಟಿಕೆಟ್ ನೀವು ನೋಡ್ಕೋರಿ ಶೆಟ್ಟರ” ಅಂದೆ. ಅವತ್ತು ನನ್ನ ಮೇಜಿನ ಮೇಲೆ ಇಪ್ಪತ್ತೆರಡು ಜನರ ಕಾಗದ ಇತ್ತು. ಇದು ನೆಪ ಎಂದು ನನಗೆ ಅವತ್ತೇ ಗೊತ್ತಿತ್ತು.

ಆರು ದಿನದ ಮೇಲೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಿಹಾಲ್‌ನ ಫೋನ್ ಬಂತು. ರಕ್ಷಾಗೆ ಹತ್ತು ಮೀಟರ್ ಆಳದಲ್ಲಿ ಉಸಿರು ಕಟ್ಟಿದೆ. ಹೆದರಿ, ಉಸಿರು ಬಿಗಿಹಿಡಿದು, ನಿಹಾಲ್ ಹಿಡಿದಿದ್ದ ಕೈ ಬಿಡಿಸಿಕೊಂಡು ಒಂದೇ ಏಟಿಗೆ ಮೇಲಕ್ಕೆ ಬಂದಿದ್ದಾಳೆ. ನೀರಿನಡಿಯ ಒತ್ತಡದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬಂದ ಹಾಗೆ ಹಿಗ್ಗುತ್ತದೆ. ದಮ್ಮಿನವರ ಶ್ವಾಸಕೋಶದಲ್ಲಿ ಅದಕ್ಕೆ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ಅವಳಿಗೆ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಿತ್ತು. ದೋಣಿಯಲ್ಲಿ ಮಲಗಿಸಿದಾಗ ಅವಳ ಬಲಗೈ, ಬಲಗಾಲು ಅಲ್ಲಾಡುತ್ತಿರಲಿಲ್ಲ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಆಗ ಅವನು ಕೇಳಿದ್ದು ಒಂದೇ ಪ್ರಶ್ನೆ.

“ಈ ಹುಡುಗಿಗೆ ದಮ್ಮು ಇತ್ತಾ? ಹಾಳೆಯಲ್ಲಿ ಇಲ್ಲ ಅಂತಿದೆ. ಡಾಕ್ಟರು ಕೇಳುತ್ತಿದ್ದಾರೆ, ಬೇಗ ಹೇಳಿ.”

“ಇತ್ತು” ಅಂದೆ.

“ನಿಮಗೆ ಗೊತ್ತಿತ್ತಾ?”

ಲೈನ್ ಸರಿಯಿಲ್ಲ, ಕೇಳಿಸುತ್ತಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಲೈನ್ ಸರಿಯಾಗಿಯೇ ಇತ್ತು. ಅವನ ಹಿಂದೆ ಕಾಗೆ ಕೂಗುವುದೂ ಕೇಳಿಸುತ್ತಿತ್ತು.

ಅಲ್ಲಿಯ ವೈದ್ಯರು ಅವಳನ್ನು ಗಾಳಿಯ ಒತ್ತಡ ಏರಿಸಿ ಗುಳ್ಳೆ ಕರಗಿಸುವ ಚೇಂಬರಿನಲ್ಲಿ ಇಟ್ಟು ಉಳಿಸಿದರು. ಬಲಗಾಲು ಒಂದು ತಿಂಗಳೊಳಗೆ ಸರಿಹೋಯಿತು. ಬಲಗೈಯ ಬೆರಳುಗಳು ಪೂರ್ತಿ ಬರಲಿಲ್ಲ.

ಮುಂದಿನದು ನನ್ನ ವೃತ್ತಿಯ ಅತಿ ಹೀನ ದಿನ. ಕಮಲಾಬಾಯಿ, ಅವರ ಗಂಡ, ರಕ್ಷಾ ಮೂವರೂ ಕಚೇರಿಗೆ ಬಂದರು. ಸಾಹೇಬರು ಚಹಾ ತರಿಸಿ, ಬಹಳ ದುಃಖವಾಯಿತೆಂದು ಹೇಳಿ, ಆಮೇಲೆ ಮೇಜಿನ ಖಾನೆಯಿಂದ ನನ್ನ ಹಾಳೆ ತೆಗೆದು ಅವರ ಮುಂದೆ ಇಟ್ಟರು. “ನಿಮ್ಮ ಮಗಳೇ ಸಹಿ ಮಾಡ್ಯಾರ ನೋಡ್ರಿ. ದಮ್ಮ ಇಲ್ಲ ಅಂತ ಬರಕೊಟ್ಟಾರ. ನಮಗ ಹೆಂಗ ಗೊತ್ತಾಗಬೇಕು?”

ರಕ್ಷಾ ಹಾಳೆಯ ಕೆಳಗಿದ್ದ ತನ್ನ ಸಹಿಯನ್ನಷ್ಟೇ ನೋಡಿ ಹಾಳೆ ಹಿಂದಕ್ಕೆ ಸರಿಸಿದಳು. ಕಮಲಾಬಾಯಿ ಮಾತ್ರ ನನ್ನ ಕಡೆ ತಿರುಗಿದರು.

“ಬಾಯಾರ, ನಾ ನಿಮಗ ಫೋನ್ ಮಾಡಿ ಹೇಳಿದ್ನೆಲ್ರಿ? ಹೇಳ್ರಿ ಇವರಿಗೆ.”

ಸಾಹೇಬರು ನನ್ನನ್ನು ನೋಡಿದರು. ಶೆಟ್ಟರು ನನ್ನನ್ನು ನೋಡಿದರು. ನಾನು, “ದಿನಾ ಎಷ್ಟೋ ಫೋನ್ ಬರ್ತಾವ್ರಿ. ನನಗ ನೆನಪಿಲ್ಲ” ಅಂದೆ.

ಮಗಳು ತಾಯಿಯ ಮುಖವನ್ನು ಒಂದು ಸಲ ನೋಡಿ ಎದ್ದಳು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಅವರು ಮೆಟ್ಟಿಲಿಳಿದ ಮೇಲೆ ಸಾಹೇಬರು ನನ್ನ ಮೇಜಿಗೆ ಬಂದು, “ಶಾಬಾಶ್ ಸುಮಿತ್ರಾಬಾಯಿ. ನಿಮ್ಮ ಫಾರ್ಮ್ ನಮ್ಮನ್ನ ಉಳಿಸ್ತು” ಅಂದರು. ಒಂದು ಹುಡುಗಿಯ ಕೈ ಹೋಗಿದೆ, ಈ ಮನುಷ್ಯ ನನಗೆ ಶಾಬಾಶ್ ಹೇಳುತ್ತಾನೆ! ನಾನು ಆ ಶಾಬಾಶನ್ನು ತಲೆಬಗ್ಗಿಸಿ ತೆಗೆದುಕೊಂಡೆ. ಆ ವರ್ಷವೇ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಿದರು. ಬಡ್ತಿಯ ಬಗ್ಗೆ ಇಷ್ಟು ಸಾಕು.

ಶೆಟ್ಟರು ಅವತ್ತು ಮಧ್ಯಾಹ್ನ ತಮ್ಮ ಡಬ್ಬಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಕೂತರು. ನಾನು ಚಟ್ನಿ ತೆಗೆದುಕೊಂಡು ಹೋದೆ.

“ಬೇಡ ಸುಮಿತ್ರಕ್ಕ. ನಾನೂ ಬಾಯಿ ಬಿಡ್ಲಿಲ್ಲ, ಹಾಗಾಗಿ ನಿಮ್ಮನ್ನು ಬೈಲಿಕ್ಕೆ ನಂಗೆ ಮುಖ ಇಲ್ಲ. ಆದ್ರೆ ಒಟ್ಟಿಗೆ ಕೂತು ಉಣ್ಲಿಕ್ಕೆ ಆಗುದಿಲ್ಲ.” ಮುಂದಿನ ತಿಂಗಳು ಅವರು ಕೆಲಸ ಬಿಟ್ಟು ಚೆಂಬೂರಿನಲ್ಲಿ ತಮ್ಮ ಭಾವನ ಹೋಟೆಲಿನ ಗಲ್ಲಾದಲ್ಲಿ ಕೂತರು.

ಆಮೇಲಿನ ವರ್ಷಗಳಲ್ಲಿ ನಾನು ಖಾಲಿ ಹಾಳೆಯನ್ನೇ ಕೊಟ್ಟೆ. ಗಿರಾಕಿಯನ್ನು ಒಳಗಿನ ಕೋಣೆಗೆ ಒಬ್ಬೊಬ್ಬರನ್ನೇ ಕರೆದು, ಬಾಗಿಲು ಮುಚ್ಚಿ, ನಿಹಾಲ್‌ನ ಹಾಗೆ ಮೂವತ್ತನಾಲ್ಕನ್ನೂ ಕೇಳಿದೆ. ನೀವು ನಂಬುವುದಿಲ್ಲ, ಹತ್ತರಲ್ಲಿ ಇಬ್ಬರು ಮೂವರು ಏನಾದರೊಂದಕ್ಕೆ ‘ಹೌದು’ ಅನ್ನುತ್ತಿದ್ದರು. ಕೇಳುವವರಿಲ್ಲದೆ ಇಷ್ಟು ವರ್ಷ ಎಷ್ಟು ‘ಹೌದು’ಗಳನ್ನು ನಾವು ಸಮುದ್ರಕ್ಕೆ ಇಳಿಸಿದ್ದೆವೋ! ನನ್ನ ಬೆನ್ನ ಹಿಂದೆ ಹುಡುಗರು ನನ್ನನ್ನು ‘ಡಾಕ್ಟರ್ ಆಂಟಿ’ ಅನ್ನುತ್ತಿದ್ದರು. ನಾನು ರಜೆ ಹಾಕಿದ ದಿನ ಹಳೆಯ ಝೆರಾಕ್ಸ್ ಪ್ರತಿ ಹೊರಗೆ ಬರುತ್ತಿತ್ತು ಎನ್ನುವುದೂ ನನಗೆ ಗೊತ್ತಿತ್ತು. ಹಾಗಿದ್ದರೂ ಕಮಲಾಬಾಯಿಯ ಮನೆಗೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ವಿಳಾಸ ಕಡತದಲ್ಲೇ ಇತ್ತು. ಹೀಗೆ ಹನ್ನೊಂದು ವರ್ಷ ಕಳೆಯಿತು, ನಿವೃತ್ತಿಯೂ ಆಯಿತು.

ಆಗ ಪವಾಯಿಯ ಆ ಪರದೆ. ಅಲ್ಲಿಯ ಮ್ಯಾನೇಜರ್ ನನ್ನ ಹಾಳೆ ತೋರಿಸಿದ ಮೇಲೆ ಈಗಿನ ಮೊಬೈಲ್ ಆ್ಯಪ್ ತೋರಿಸಿದ. ಅದರಲ್ಲೂ ಅವೇ ಪ್ರಶ್ನೆಗಳು. ಎಲ್ಲದರ ಮುಂದೆ ‘ಇಲ್ಲ’ ಮೊದಲೇ ಒತ್ತಿಟ್ಟಿದೆ. ಕೆಳಗೆ ‘ಒಪ್ಪಿದೆ’ ಎಂದು ಒಂದು ಹಸಿರು ಗುಂಡಿ. ಓದುವುದಕ್ಕೂ ಸಿಗದ ಹಾಗೆ ಪ್ರಶ್ನೆಗಳನ್ನು ಮಡಚಿಟ್ಟಿದ್ದಾರೆ.

ನಾನು ಎದ್ದು ನಿಂತು, ಯಾರಾದರೂ ‘ಹೌದು’ ಒತ್ತಿದರೆ ಏನಾಗುತ್ತದೆ ಎಂದು ಕೇಳಿದೆ.

“ಬುಕಿಂಗ್ ಹೋಲ್ಡ್ ಆಗುತ್ತೆ ಮ್ಯಾಮ್. ಇಸೀಲಿಯೇ ‘ನೋ’ ಡಿಫಾಲ್ಟ್ ಹೈ, ಮೊದಲೇ ಒತ್ತಿರುತ್ತೆ. ಕಸ್ಟಮರ್‌ಗೆ ತೊಂದರೆ ಆಗಬಾರದು.”

ನನ್ನದೇ ಮಾತು ನನಗೇ ವಾಪಸು ಬಂದಿತ್ತು. ಆಗ ಶುರುಮಾಡಿದೆ ನೋಡಿ ಮಾತು. ಏಳು ನಿಮಿಷ ಸಿಕ್ಕಿತು. ಆ ಕೋಣೆಯಲ್ಲಿದ್ದ ಮಕ್ಕಳೇ, ನಿಮಗೆ ಹೇಳಬೇಕಾಗಿದ್ದದ್ದು ಇಷ್ಟೇ: ಆ ಪ್ರಶ್ನೆಗಳು ಕಾಗದ ತುಂಬಲಿಕ್ಕೆ ಇರುವುದಲ್ಲ. ಅವನ್ನು ಕೇಳಬೇಕು. ಒಬ್ಬೊಬ್ಬರನ್ನೇ, ಬೇರೆಯವರ ಕಿವಿಗೆ ಬೀಳದ ಹಾಗೆ ಕೇಳಬೇಕು. ಅದಕ್ಕೆ ಒಂದು ತಾಸು ಹಿಡಿಯುತ್ತದೆ. ಹಿಡಿಯಲಿ.

ಆ ಹಾಳೆಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡೆ. ಮರುದಿನ ಅಂಧೇರಿಯಿಂದ ಮೆಟ್ರೊ ಹಿಡಿದು ಘಾಟ್ಕೋಪರ್‌ನಲ್ಲಿ ಇಳಿದು, ಸ್ಟೇಷನ್ ಹೊರಗೆ ಅದರ ಪ್ರಿಂಟ್ ತೆಗೆಸಿದೆ. ಕಥೆ ಕಟ್ಟುವವರಾಗಿದ್ದರೆ ಜಾರಿದ ಗುರುತು ದಮ್ಮಿನ ಪ್ರಶ್ನೆಯ ಮುಂದೆಯೇ ಇತ್ತು ಅನ್ನುತ್ತಿದ್ದರು. ಅಲ್ಲ, ಅದು ಕಿವಿಯ ಆಪರೇಷನ್ನಿನ ಪ್ರಶ್ನೆ. ದಮ್ಮಿನದು ಆರನೆಯದು. ಅದರ ಮುಂದೆ ನನ್ನ ಗುರುತು ಬಹಳ ಅಚ್ಚುಕಟ್ಟಾಗಿತ್ತು.

ಬಾಗಿಲು ತೆಗೆದವರು ಕಮಲಾಬಾಯಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದರು, ಒಳಗೆ ಬನ್ನಿ ಅನ್ನಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ನಾನೇ ಒಳಗೆ ಹೋದೆ. ರಕ್ಷಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದಳು. ಬಲಗೈ ತೊಡೆಯ ಮೇಲಿತ್ತು. ಹಾಳೆಯನ್ನು ಅವಳ ಮುಂದೆ ಇಟ್ಟು ಆರನೆಯ ಸಾಲು ತೋರಿಸಿದೆ.

ಅವಳು ನಿಧಾನವಾಗಿ ಓದಿದಳು. “ಯೇ ಕ್ವೆಶ್ಚನ್... ನನಗೆ ಯಾರೂ ಕೇಳಿಲ್ಲ ಆಂಟಿ. ಕೇಳಿದ್ರೆ ನಾನು ಹೌದು ಹೇಳ್ತಿದ್ದೆ ನಾ.”

“ಗೊತ್ತದ. ಈ ಗುರುತು ಹಾಕಿದಾಕಿ ನಾನು. ನೀನು ಬರೋದಕ್ಕಿಂತ ಎಷ್ಟೋ ಮೊದಲ ಹಾಕಿಟ್ಟಿದ್ದೆ” ಅಂದೆ. ಇನ್ನೊಂದು ಮಾತು ಬಾಕಿ ಇತ್ತು. “ನಿಮ್ಮ ಅವ್ವ ನನಗ ಫೋನ್ ಮಾಡಿದ್ರು. ದಮ್ಮ ಅದ ಅಂತ ಸ್ಪಷ್ಟ ಹೇಳಿದ್ರು. ಕಾಳಜಿ ಮಾಡಬ್ಯಾಡ್ರಿ ಅಂತ ನಾನೇ ಹೇಳಿದೆ. ಅವತ್ತು ಕಚೇರ್ಯಾಗ ನೆನಪಿಲ್ಲ ಅಂದದ್ದು ಸುಳ್ಳು. ನನಗ ಒಂದೊಂದು ಶಬ್ದ ನೆನಪಿತ್ತು.”

ಬೈಗುಳ ಬರುತ್ತದೆಂದು ಕಾದೆ. ಇಬ್ಬರೂ ನನ್ನ ಕಡೆ ನೋಡಲೇ ಇಲ್ಲ. ರಕ್ಷಾ ತಾಯಿಯ ಕಡೆ ತಿರುಗಿದ್ದಳು.

“ಮಮ್ಮಿ, ತೂನೇ ಸಚ್ ಮೇ ಫೋನ್ ಕಿಯಾ ಥಾ? ನೀನು ಖರೇನೇ ಮಾಡಿದ್ದಿ?”

“ಹನ್ನೊಂದು ವರ್ಷದಿಂದ ಹೇಳಾಕತ್ತೀನೆಲ್ಲವಾ” ಅಂದರು ಕಮಲಾಬಾಯಿ. ದನಿ ಗಟ್ಟಿಯಾಗಿರಲಿಲ್ಲ. “ನೀ ಎಲ್ಲಿ ನಂಬಿದಿ. ಫೋನ್ ಮಾಡಾಕ ಮರತಿ, ಮರತು ಸುಳ್ಳು ಹೇಳ್ತಿ ಅಂದಿ.”

ಆಗ ನನಗೆ ಅವತ್ತಿನ ಆ ನೋಟದ ಅರ್ಥವಾಯಿತು. ಕೈ ಹೋದದ್ದಕ್ಕೆ ಹಾಳೆಯ ಸಹಿ ಕಾರಣವೆಂದು ಕಚೇರಿ ಹೇಳಿತು. ಫೋನ್ ಮಾಡಿ ಕೇಳು ಎಂದು ತಾನು ಹೇಳಿದ್ದರೂ ತಾಯಿ ಕೇಳಲಿಲ್ಲವೆಂದು ಮಗಳು ತಿಳಿದಳು. ನನ್ನ ಒಂದು ‘ನೆನಪಿಲ್ಲ’ ಇವರಿಬ್ಬರ ನಡುವೆ ಹನ್ನೊಂದು ವರ್ಷ ಕೂತಿತ್ತು. ನಾನು ಇಷ್ಟು ವರ್ಷ ಮರುಗಿದ್ದು ಬರಿ ಕೈಗಾಗಿ.

ರಕ್ಷಾ ಎದ್ದು ತಾಯಿಯ ಹತ್ತಿರ ಹೋಗಿ ನಿಂತಳು. ಮುಟ್ಟಲಿಲ್ಲ, ಸುಮ್ಮನೆ ಹತ್ತಿರ ನಿಂತಳು. ಕಮಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಳೆಯನ್ನು ಬೋರಲು ಹಾಕಿ ನನ್ನ ಮುಂದೆ ತಳ್ಳಿದರು. ಮೇಲೆ ಒಂದು ಪೆನ್ನು ಇಟ್ಟರು.

“ಬಾಯಿಲೆ ಹೇಳೀರಿ. ಈಗ ಬರದ ಕೊಡ್ರಿ. ನಿಮ್ಮ ಕೈಲೆ, ಪೂರ್ತಿ. ಸಹಿ ಕಡೀಕ ಮಾಡ್ರಿ, ನಾ ಓದಿದ ಮ್ಯಾಲೆ.”